ಅರ್ಧಕ್ಕೆ ನಿಂತ ವೈರಿಂಗ್, ಕೆಟ್ಟ ವೈರಿಂಗ್: ಎಲೆಕ್ಟ್ರಿಷಿಯನ್ ಕರೆಸುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸುವಾಗ ನಮ್ಮ ವೈರಿಂಗ್ ಹುಡುಗ ಒಂದು ಶನಿವಾರ ಅಡ್ವಾನ್ಸ್ ತೆಗೆದುಕೊಂಡು ಹೋದ. ಸೋಮವಾರ ಬರಲಿಲ್ಲ. ಆಮೇಲೆ ಫೋನೂ ಎತ್ತಲಿಲ್ಲ. ಕೆಳಗಡೆ ಸ್ವಿಚ್ಚುಗಳು ಕೂತಿದ್ದವು, ಮೇಲೆ ಪೈಪಿನ ಬಾಯಿಂದ ಕೆಂಪು, ಕಪ್ಪು, ಹಸಿರು ವೈರುಗಳು ಮಾವಿನ ತೋರಣದ ಹಾಗೆ ನೇತಾಡುತ್ತಿದ್ದವು, ಗೃಹಪ್ರವೇಶಕ್ಕೆ ಇಪ್ಪತ್ತೆರಡು ದಿನ ಉಳಿದಿತ್ತು. ಅದನ್ನು ಸರಿ ಮಾಡಿಸುವಷ್ಟರಲ್ಲಿ ಒಂದಿಷ್ಟು ಕಲಿತೆ. ಅಲ್ಲಿಂದ ಮೈಸೂರು, ಮಂಡ್ಯದ ನೆಂಟರು, ಅಕ್ಕಪಕ್ಕದವರು ಎಲ್ಲ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಂದೇ ಕಡೆ ಬರೆದಿಟ್ಟರೆ ವಾಸಿ ಅನ್ನಿಸಿತು.

ನಾನು ಎಲೆಕ್ಟ್ರಿಷಿಯನ್ ಅಲ್ಲ. ಇದನ್ನು ಓದಿ ಸ್ಕ್ರೂಡ್ರೈವರ್ ಹಿಡಿದು ನೀವೇ ಬೋರ್ಡ್ ಬಿಚ್ಚಲು ಹೋಗಬೇಡಿ. ಕರೆಸಿದವನು ಸರಿಯಾಗಿ ಮಾಡುತ್ತಿದ್ದಾನಾ ಅಂತ ನೋಡುವುದಕ್ಕೆ ಇದು.

ಅರ್ಧ ಕೆಲಸ ಆಗಿದೆ. ಹೊಸಬನಿಗೆ "ಉಳಿದದ್ದು ಮುಗಿಸಿಕೊಡಿ" ಅಂದರೆ ಸಾಕಲ್ವಾ?

ಸಾಲದು. ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದೇ ಇಲ್ಲಿ. ಮುಗಿಸಿಕೊಡಿ ಅಂದರೆ ಅವನು ಹಳಬ ಎಳೆದ ವೈರಿನ ಮೇಲೇ ಸ್ವಿಚ್ಚು ಕೂರಿಸಿ, ಬಲ್ಬ್ ಹತ್ತಿಸಿ ತೋರಿಸಿ, ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ಮೂರು ತಿಂಗಳಿಗೆ ಏನಾದರೂ ಸುಟ್ಟರೆ "ಅದು ಹಳೇ ಮನುಷ್ಯನ ಕೆಲಸ ಸಾರ್" ಅನ್ನುತ್ತಾನೆ. ಅವನು ಹೇಳುವುದರಲ್ಲೂ ತಪ್ಪಿಲ್ಲ.

ಮೊದಲು ಬರೀ ನೋಡುವುದಕ್ಕೆ ಕರೆಸಿ. ಒಂದು ದಿನದ ಕೂಲಿ ಬೇರೆಯಾಗೇ ಕೊಡಿ. ಆ ದಿನ ಅವನು ಒಂದು ಅಡಿ ವೈರೂ ಎಳೆಯಬಾರದು, ಒಂದೊಂದೇ ಬೋರ್ಡ್ ಬಿಚ್ಚಿ ಒಳಗೆ ಏನಿದೆ ಅಂತ ಹೇಳಬೇಕು ಅಷ್ಟೇ. ನಮ್ಮ ಮನೆಗೆ ಬಂದವರು ಮಂಡ್ಯ ಕಡೆಯ ಹಿರಿಯರು. ಅಡುಗೆಮನೆ ಬೋರ್ಡ್ ಬಿಚ್ಚಿ, ಗ್ರೈಂಡರ್ ಪಾಯಿಂಟಿನ ಕೆಂಪು ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಮೊಳದುದ್ದ ವೈರು ಕೈಗೇ ಬಂತು. ಅದರ ತುದಿಯಲ್ಲಿ ಕಪ್ಪು ಟೇಪ್ ಸುತ್ತಿದ ಒಂದು ಗಂಟು, ಟೇಪಿನ ಅಂಟು ಆಗಲೇ ಬಿಟ್ಟು ತಾಮ್ರ ಕಾಣುತ್ತಿತ್ತು. ಪೈಪಿನ ಒಳಗೆ ಜಾಯಿಂಟ್! ಉಳಿದಿದ್ದ ತುಂಡು ವೈರನ್ನು ಸೇರಿಸಿ ತಿರುಚಿ ಒಳಗೆ ತಳ್ಳಿದ್ದ. ಮೇಲೆ ಟೈಲ್ಸ್ ಕೂತಿತ್ತು. ಸುಮ್ನೆ "ಮುಗಿಸಿ" ಅಂದಿದ್ದರೆ ಆ ಗಂಟು ಇವತ್ತಿಗೂ ಅಲ್ಲೇ ಬಿಸಿಯಾಗುತ್ತಾ ಇರುತ್ತಿತ್ತು.

ಆ ಚೆಕ್ಕಿಂಗ್ ದಿನ ಏನೇನು ನೋಡಬೇಕು?

ಟೆಸ್ಟರ್ ಒಂದನ್ನೇ ಜೇಬಲ್ಲಿಟ್ಟುಕೊಂಡು ಬಂದವನಿಂದ ಇದು ಆಗುವುದಿಲ್ಲ. ಟೆಸ್ಟರ್ ದೀಪ ಹತ್ತಿದರೆ ಫೇಸ್ (ಕರೆಂಟ್ ಬರುವ ವೈರು) ಇದೆ ಅಂತ ಗೊತ್ತಾಗುತ್ತದೆ, ಅಷ್ಟು ಬಿಟ್ಟರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರು) ಸರಿ ಇದೆಯಾ, ಅರ್ಥ್ (ನೆಲಕ್ಕೆ ಹೋಗುವ ವೈರು) ಇದೆಯಾ ಅಂತ ಅದು ಹೇಳುವುದಿಲ್ಲ. ಮಲ್ಟಿಮೀಟರ್ ಬೇಕು, ಸಾಧ್ಯವಾದರೆ ಮೆಗ್ಗರ್ ಬೇಕು. ಮೆಗ್ಗರ್ ಅಂದರೆ 500 ವೋಲ್ಟ್ ಕೊಟ್ಟು ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಎಲ್ಲಾದರೂ ಕಿತ್ತಿದೆಯಾ ಅಂತ ಹೇಳುವ ಮೀಟರ್. ಕಡೇಪಕ್ಷ 1 ಮೆಗಾಓಮ್ ತೋರಿಸಬೇಕು, ಹೊಸ ವೈರಿಂಗ್ ಆದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಮೆಗ್ಗರ್ ಹಾಕುವ ಮುಂಚೆ ಎಲ್‌ಇಡಿ ಬಲ್ಬು, ಟಿವಿ, ಇನ್ವರ್ಟರ್ ಎಲ್ಲ ಕಳಚಿರಬೇಕು, ಇಲ್ಲದಿದ್ದರೆ ಅವು ಹಾಳಾಗುತ್ತವೆ.

ಇನ್ನು ಕಣ್ಣಲ್ಲೇ ಕಾಣುವಂಥವು. ಸ್ವಿಚ್ಚಿಗೆ ಬಂದಿರುವುದು ಫೇಸೋ ನ್ಯೂಟ್ರಲ್ಲೋ? ಬಣ್ಣದ ಕ್ರಮ ಇದೆಯೋ, ಅಥವಾ ಕೈಗೆ ಸಿಕ್ಕ ವೈರು ಎಳೆದಿದ್ದಾನೋ? ಹಸಿರು ವೈರನ್ನು ಅರ್ಥ್‌ಗೇ ಬಿಡಬೇಕು, ಫೇಸಿಗೆ ಬಳಸಿದ್ದರೆ ಆ ಮನುಷ್ಯನ ಬಾಕಿ ಕೆಲಸವನ್ನೂ ನಂಬಬೇಡಿ. ಡಿಬಿ ಬಾಕ್ಸ್ (ಮನೆಯ ಎಲ್ಲ ಲೈನುಗಳೂ ಕವಲೊಡೆಯುವ ಪೆಟ್ಟಿಗೆ) ಮುಚ್ಚಳ ತೆಗೆದು ಒಂದೊಂದು ಸ್ಕ್ರೂ ಬಿಗಿ ಇದೆಯಾ ನೋಡಬೇಕು. ಹಲ್ಲಿ, ಇರುವೆ ಗೂಡು ಇದೆಯಾ ಅಂತಲೂ ನೋಡಿ. ನಮ್ಮದರಲ್ಲಿ ಒಂದು ಒಣಗಿದ ಹಲ್ಲಿ ಇತ್ತು.

ಎಲ್ಲದರ ಫೋಟೊ ತೆಗೆದಿಡಿ.

ಯಾರನ್ನು ಕರೆಸಬೇಕು? ಲೈಸೆನ್ಸ್ ಇರಲೇಬೇಕಾ?

ವೈರಿಂಗ್ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರನ ಕಡೆಯಿಂದ, ಪರ್ಮಿಟ್ ಇರುವ ವೈರ್‌ಮನ್ ಕೈಯಲ್ಲಿ ಆಗಬೇಕು ಅನ್ನುವುದು ಕಾನೂನು. ನಮ್ಮ ರಾಜ್ಯದಲ್ಲಿ ಇವನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ನಿಜ ಹೇಳಬೇಕೆಂದರೆ, ಬೀದಿ ಕೊನೆಯ ಎಲೆಕ್ಟ್ರಿಕಲ್ ಅಂಗಡಿಯವರು ಕಳಿಸುವ ಹುಡುಗರಲ್ಲಿ ಎಷ್ಟೋ ಜನರ ಹತ್ತಿರ ಈ ಪರ್ಮಿಟ್ ಇರುವುದಿಲ್ಲ. ಫ್ಯಾನ್ ರೆಗ್ಯುಲೇಟರ್ ಬದಲಾಯಿಸಲು ಅವರೇ ಸಾಕು ಅಂತ ನಾವೆಲ್ಲ ಕರೆಸುತ್ತೇವೆ. ಆದರೆ ಇಡೀ ಮನೆ ವೈರಿಂಗ್, ಮೇನ್, ಡಿಬಿ, ಅರ್ಥಿಂಗ್ ಮುಟ್ಟುವವನ ಹತ್ತಿರ ಕೇಳಿ ನೋಡಲೇಬೇಕು. ಹೊಸ ಕನೆಕ್ಷನ್ನಿಗೆ ವೈರಿಂಗ್ ಮುಗಿದ ವರದಿಗೆ ಲೈಸೆನ್ಸ್ ಇರುವವರೇ ಸಹಿ ಹಾಕಬೇಕು. ಕೆಲಸ ಒಬ್ಬ ಮಾಡಿ, ಮನೆಯನ್ನೇ ನೋಡದ ಇನ್ನೊಬ್ಬ ಸಹಿ ಹಾಕುವ ಪದ್ಧತಿ ಇದೆಯಲ್ಲ, ಅದಕ್ಕೆ ಒಪ್ಪಬೇಡಿ. ಸಹಿ ಹಾಕುವವರು ಬಂದು ಮೀಟರ್ ಹಚ್ಚಿ ನೋಡಲಿ.

ನಾನು ಇನ್ನೊಂದು ಪರೀಕ್ಷೆ ಮಾಡುತ್ತೇನೆ. "ನಮ್ಮ ಮನೆಗೆ ಆರ್‌ಸಿಸಿಬಿ ಬೇಕಾ?" ಅಂತ ಕೇಳುತ್ತೇನೆ. ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್ಚು ಅದು. "ಬೇಡ ಸಾರ್, ಸುಮ್ನೆ ಟ್ರಿಪ್ ಆಗ್ತಿರುತ್ತೆ" ಅಂದವನಿಗೆ ಕಾಫಿ ಕೊಟ್ಟು ಕಳಿಸುತ್ತೇನೆ.

ಲೈನ್‌ಮ್ಯಾನ್ ಗೊತ್ತಿರೋರೇ. ಅವರಿಗೇ ಹೇಳಿದರೆ ಆಗಲ್ವಾ?

ಮೀಟರ್ ತನಕ ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಸೆಸ್ಕ್‌ನವರದು, ಮೀಟರ್ ದಾಟಿದ ಮೇಲೆ ನಿಮ್ಮದು. ವಯಸ್ಸಾದವರ ಬಾಯಲ್ಲಿ ಸೆಸ್ಕ್ ಇವತ್ತಿಗೂ ಕೆಇಬಿ. ಕಂಬದಿಂದ ಬರುವ ಸರ್ವೀಸ್ ವೈರ್ ಕಿಡಿ ಹಾರಿಸುತ್ತಿದೆ, ಮೀಟರ್ ಹತ್ತಿರ ಸುಟ್ಟ ವಾಸನೆ ಅಂದರೆ 1912ಕ್ಕೆ ಫೋನ್ ಮಾಡಿ, ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕೈಯಲ್ಲಿ ಇಟ್ಟುಕೊಂಡಿರಿ. ಮನೆ ಒಳಗಿನದಕ್ಕೆ ನಿಮ್ಮ ಎಲೆಕ್ಟ್ರಿಷಿಯನ್. ಮೀಟರಿನ ಸೀಲ್ ಮಾತ್ರ ಯಾರ ಕೈಯಲ್ಲೂ ಮುಟ್ಟಿಸಬೇಡಿ.

ಪಾಯಿಂಟ್ ಲೆಕ್ಕವೋ, ದಿನಗೂಲಿಯೋ?

ಹೊಸ ಮನೆಗೆ ಪಾಯಿಂಟ್ ಲೆಕ್ಕ ಅಥವಾ ಚದರಡಿ ಲೆಕ್ಕ ನಡೆಯುತ್ತದೆ. ಅರ್ಧಕ್ಕೆ ನಿಂತಿರುವುದಕ್ಕೆ ಪಾಯಿಂಟ್ ಲೆಕ್ಕ ಒಗ್ಗುವುದಿಲ್ಲ. ಯಾಕೆಂದರೆ ಇಲ್ಲಿ ಸಮಯ ಹೋಗುವುದು ಪಾಯಿಂಟ್ ಹಾಕುವುದರಲ್ಲಲ್ಲ, ಹಳಬ ಎಲ್ಲಿಂದ ಎಲ್ಲಿಗೆ ಪೈಪ್ ಬಿಟ್ಟಿದ್ದಾನೆ ಅಂತ ಹುಡುಕುವುದರಲ್ಲಿ. ವೈರು ಎಳೆಯುವ ಸ್ಪ್ರಿಂಗ್ ತೂರಿಸಿದರೆ ಅರ್ಧದಲ್ಲೇ ನಿಲ್ಲುತ್ತದೆ, ಪೈಪಿನೊಳಗೆ ಸಿಮೆಂಟ್ ಹಾಲು ಹೋಗಿ ಗಟ್ಟಿಯಾಗಿರುತ್ತದೆ, ಆಗ ಗೋಡೆ ಕಟ್ ಮಾಡಿ ಬೇರೆ ದಾರಿ ಮಾಡಬೇಕು. ಪಾಯಿಂಟ್ ಲೆಕ್ಕದಲ್ಲಿ ಬಂದವನು ಇಂಥ ಕಡೆ ಅಡ್ಡದಾರಿ ಹಿಡಿಯುತ್ತಾನೆ, ಪಕ್ಕದ ರೂಮಿನಿಂದ ನ್ಯೂಟ್ರಲ್ ಕದ್ದು ಕೊಡುತ್ತಾನೆ. ಹಾಗಾಗಿ ಹುಡುಕುವ, ಸರಿ ಮಾಡುವ ಭಾಗಕ್ಕೆ ದಿನಗೂಲಿ, ಗೊತ್ತಿರುವ ಹೊಸ ಪಾಯಿಂಟುಗಳಿಗೆ ಪಾಯಿಂಟ್ ಲೆಕ್ಕ. ಗೋಡೆ ಕಟಿಂಗ್ ಆದ ಮೇಲೆ ಗಾರೆ ಮುಚ್ಚುವುದು ಯಾರು ಅಂತ ಮೊದಲೇ ಮಾತಾಡಿ. ಜಗಳ ಶುರುವಾಗುವುದೇ ಅಲ್ಲಿ.

ಅಡ್ವಾನ್ಸ್ ಕಡಿಮೆ ಕೊಡಿ, ಆದ ಕೆಲಸಕ್ಕೆ ವಾರ ವಾರ ಕೊಡಿ, ಕೊನೇ ಕಂತನ್ನು ಎಲ್ಲ ಲೋಡ್ ಹಾಕಿ ಒಂದು ವಾರ ಓಡಿಸಿ ನೋಡಿದ ಮೇಲೆ ಕೊಡಿ. ಇದನ್ನು ನಾನು ಕಲಿತದ್ದು ಹೇಗೆ ಅಂತ ಮೇಲೆ ಹೇಳಿದ್ದೇನೆ.

ಸಾಮಾನು ನಾವೇ ತರಬೇಕಾ?

ನಾವೇ ತಂದರೆ ಒಳ್ಳೆಯದು. ಪಟ್ಟಿ ಬರೆಸಿಕೊಂಡು ಮೈಸೂರಿನ ಶಿವರಾಂಪೇಟೆ ಕಡೆ ಹೋಗಿ ಎರಡು ಮೂರು ಅಂಗಡಿಯಲ್ಲಿ ವಿಚಾರಿಸಿ, ಬಿಲ್ ತೆಗೆದುಕೊಳ್ಳಿ, ವೈರಿನ ಮೇಲೆ ಐಎಸ್‌ಐ ಗುರುತು ನೋಡಿ. ಹಳಬ ಬಿಟ್ಟುಹೋದ ಅರ್ಧ ಸುರುಳಿ ಇದ್ದರೆ ಅದರ ಮೇಲೂ ಏನು ಬರೆದಿದೆ ಓದಿ. ಏನೂ ಬರೆದಿಲ್ಲದ ವೈರು ಗೋಡೆಯೊಳಗೆ ಹೋಗಬಾರದು.

ದಪ್ಪದ ಲೆಕ್ಕ ಸುಲಭ. ಲೈಟು, ಫ್ಯಾನಿಗೆ 1.5 ಚದರ ಮಿಲಿಮೀಟರ್, ಅದಕ್ಕೆ 10 ಆಂಪ್ ಒಳಗಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು). ಮಿಕ್ಸಿ, ಫ್ರಿಜ್‌ನಂಥ ಪವರ್ ಪಾಯಿಂಟಿಗೆ 2.5, ಅದಕ್ಕೆ 16 ಆಂಪ್. ಗೀಸರ್, ಎಸಿಗೆ 4 ಹಾಕಿಸಿ, ಒಂದೊಂದಕ್ಕೂ ಡಿಬಿಯಿಂದ ಬೇರೆ ಬೇರೆ ಲೈನ್ ಬರಲಿ. 2,000 ವಾಟ್ ಗೀಸರ್ ಸುಮಾರು 8.7 ಆಂಪ್ ಎಳೆಯುತ್ತದೆ, 3,000 ವಾಟಿನದು 13. ಇಂಡಕ್ಷನ್ ಒಲೆಯೂ ಜೊತೆಗೆ ಒಂದೇ ಲೈನಿನಲ್ಲಿದ್ದರೆ ಏನಾಗುತ್ತದೆ ಅಂತ ನೀವೇ ಕೂಡಿ ನೋಡಿ. ಎಸಿ, ಗೀಸರ್ ಹೊಸದಾಗಿ ಸೇರಿಸುತ್ತಿದ್ದರೆ ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಅಂತಲೂ ನೋಡಿಕೊಳ್ಳಿ.

ಎಂಸಿಬಿ ಪದೇ ಪದೇ ಬೀಳುತ್ತೆ. ದೊಡ್ಡದು ಹಾಕಿಸ್ಲಾ?

ಬೇಡ.

ಎಂಸಿಬಿ ಇರುವುದು ವೈರನ್ನು ಕಾಯುವುದಕ್ಕೆ. 2.5ರ ವೈರಿಗೆ 32 ಆಂಪ್ ಹಾಕಿದರೆ ಎಂಸಿಬಿ ಬೀಳುವುದಿಲ್ಲ, ವೈರು ಕರಗುತ್ತದೆ. ಯಾಕೆ ಬೀಳುತ್ತಿದೆ ಅಂತ ಹುಡುಕಿಸಿ.

ಆರ್‌ಸಿಸಿಬಿ ಹಾಕಿಸಿದ ಮೇಲೆ ಅದು ಪದೇ ಪದೇ ಬಿದ್ದು ಕರೆಂಟ್ ಹೋಗುತ್ತಿದೆ. ಎಲೆಕ್ಟ್ರಿಷಿಯನ್ ತೆಗೆದುಬಿಡಿ ಅಂತಾನೆ.

ಅತಿ ಜಾಸ್ತಿ ಬರುವ ಪ್ರಶ್ನೆ ಇದೇ. ನಮ್ಮ ಮನೆಯಲ್ಲೂ ಇದೇ ಆಗಿತ್ತು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಆರ್‌ಸಿಸಿಬಿ ಮಾಡುವ ಕೆಲಸ ಒಂದೇ. ಫೇಸಿನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಲೆಕ್ಕ ಇಡುತ್ತದೆ, ಬಸ್ಸಿನ ಕಂಡಕ್ಟರ್ ತಲೆ ಎಣಿಸುವ ಹಾಗೆ. 30 ಮಿಲಿಆಂಪ್ ವ್ಯತ್ಯಾಸ ಬರುವಷ್ಟರಲ್ಲಿ ಕಟ್ ಮಾಡುತ್ತದೆ. ಆ ವ್ಯತ್ಯಾಸದ ಕರೆಂಟು ಯಾರದೋ ಮೈಮೂಲಕ ನೆಲಕ್ಕೆ ಹೋಗುತ್ತಿರಬಹುದು ಅನ್ನುವುದು ಅದರ ಅನುಮಾನ. ಮನೆಯಲ್ಲಿ ಜೀವ ಉಳಿಸುವ ಸಾಮಾನು ಇದು. ತೆಗೆಸಬೇಡಿ.

ಹಾಗಾದರೆ ಸುಮ್ಸುಮ್ನೆ ಯಾಕೆ ಬೀಳುತ್ತದೆ? ಸುಮ್ಸುಮ್ನೆ ಬೀಳುವುದಿಲ್ಲ. ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವು ನ್ಯೂಟ್ರಲ್ ಕಲಸಿಹೋದ ಕೇಸುಗಳೇ. ಇನ್ವರ್ಟರಿಗೆ ಬೇರೆ ಫೇಸ್ ಎಳೆದು, ನ್ಯೂಟ್ರಲ್ ಮಾತ್ರ ಮನೆಯ ನ್ಯೂಟ್ರಲ್ ಜೊತೆ ಗಂಟು ಹಾಕಿರುತ್ತಾರೆ. ಆಗ ಹೋದದ್ದು ಒಂದು ದಾರಿ, ಬಂದದ್ದು ಇನ್ನೊಂದು ದಾರಿ, ಲೆಕ್ಕ ತಪ್ಪುತ್ತದೆ. ಎರಡು ಆರ್‌ಸಿಸಿಬಿ ಇದ್ದು ಮೇಲಿನ ಮನೆ, ಕೆಳಗಿನ ಮನೆ ನ್ಯೂಟ್ರಲ್ ಎಲ್ಲೋ ಸೇರಿದ್ದರೂ ಇದೇ ಕಥೆ. ಇನ್ನೊಂದು, ಎಂಸಿಬಿ ಎಲ್ಲ ಆಫ್ ಮಾಡಿದರೂ ಆರ್‌ಸಿಸಿಬಿ ಬೀಳುತ್ತಲೇ ಇದ್ದರೆ ಬಹುಮಟ್ಟಿಗೆ ನ್ಯೂಟ್ರಲ್ ಎಲ್ಲೋ ಅರ್ಥ್‌ಗೆ ತಾಗಿದೆ ಅಂತ. ಒಂಟಿ ಎಂಸಿಬಿ ಫೇಸನ್ನು ಮಾತ್ರ ಕಟ್ ಮಾಡುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದಲ್ವಾ?

ನಮ್ಮಲ್ಲಿ ಎರಡೂ ಇತ್ತು. ಇನ್ವರ್ಟರ್ ನ್ಯೂಟ್ರಲ್ ಬೇರೆ ಮಾಡಿದ ಮೇಲೂ ದಿನಕ್ಕೊಮ್ಮೆ ಬೀಳುತ್ತಿತ್ತು, ಮಳೆ ಬಂದ ದಿನ ನಾಲ್ಕು ಸಲ. ಹಿರಿಯರು ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಡಿಸಿ ಮೆಗ್ಗರ್ ಹಾಕುತ್ತಾ ಹೋದರು. ಬಾಲ್ಕನಿ ಲೈಟಿನ ಲೈನಿಗೆ ಬಂದಾಗ ಮುಳ್ಳು ಸೊನ್ನೆಗೆ ಬಿತ್ತು. ಬಿಚ್ಚಿ ನೋಡಿದರೆ ಮೆಟಲ್ ಬಾಕ್ಸಿನ ಸ್ಕ್ರೂ ಕಪ್ಪು ವೈರನ್ನು ಚುಚ್ಚಿಕೊಂಡು ಕೂತಿತ್ತು. ಒಂದು ಸ್ಕ್ರೂ!

ಆರ್‌ಸಿಸಿಬಿ ಮೇಲೆ ಟೆಸ್ಟ್ ಬಟನ್ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಬದಲಾಯಿಸಿ. ಅದು ಓವರ್‌ಲೋಡ್ ನೋಡುವುದಿಲ್ಲ, ಹಾಗಾಗಿ ಎಂಸಿಬಿಯೂ ಬೇಕು.

ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಬಲ್ಬ್ ರಾತ್ರಿ ಮಿಣಿಮಿಣಿ ಅನ್ನುತ್ತೆ. ದೆವ್ವನಾ?

ದೆವ್ವ ಅಲ್ಲ, ನ್ಯೂಟ್ರಲ್‌ಗೆ ಸ್ವಿಚ್ ಕೊಟ್ಟಿರಬಹುದು. ಹಾಗಿದ್ದರೆ ಆಫ್ ಮಾಡಿದರೂ ಹೋಲ್ಡರಿನಲ್ಲಿ ಫೇಸ್ ಇದ್ದೇ ಇರುತ್ತದೆ. ಬಲ್ಬ್ ಬದಲಾಯಿಸಲು ಕಬ್ಬಿಣದ ಸ್ಟೂಲ್ ಹತ್ತಿದವರಿಗೆ ಶಾಕ್ ಹೊಡೆಯುವುದು ಹೀಗೇ. ಕೆಲವೊಮ್ಮೆ ಸ್ವಿಚ್ಚಿನಲ್ಲಿರುವ ಪುಟ್ಟ ಇಂಡಿಕೇಟರ್ ದೀಪದಿಂದಲೂ, ಉದ್ದಕ್ಕೆ ಅಕ್ಕಪಕ್ಕ ಹೋದ ವೈರಿನಿಂದಲೂ ಬಲ್ಬ್ ಸ್ವಲ್ಪ ಬೆಳಗುತ್ತದೆ, ಅದರಿಂದ ಅಪಾಯ ಇಲ್ಲ. ಯಾವುದು ಅಂತ ಎಲೆಕ್ಟ್ರಿಷಿಯನ್ ಎರಡು ನಿಮಿಷದಲ್ಲಿ ಹೇಳಬೇಕು.

ಅರ್ಥಿಂಗ್ ಇದೆ ಅಂತಾರೆ, ಆದರೂ ಫ್ರಿಜ್ ಮುಟ್ಟಿದರೆ ಜುಂ ಅನ್ನುತ್ತೆ.

ಹಸಿರು ವೈರು ಇದ್ದಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಅದು ಎಲ್ಲಿಗೆ ಹೋಗಿ ಮುಟ್ಟಿದೆ ಅಂತ ಹಿಂಬಾಲಿಸಬೇಕು. ನಾನು ನೋಡಿದ ಒಂದು ಮನೆಯಲ್ಲಿ ಡಿಬಿಯಿಂದ ಹೊರಟ ಹಸಿರು ವೈರು ಕಾಂಪೌಂಡಿನ ಹೂವಿನ ಪಾತಿಯಲ್ಲಿ ಗೇಣುದ್ದ ಹೂತು ಮುಗಿದಿತ್ತು. ಸರಿಯಾದ ಅರ್ಥಿಂಗ್ ಗುಂಡಿ ಅಂದರೆ ಎರಡೂವರೆ ಮೂರು ಮೀಟರ್ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ಮೇಲೆ ನೀರು ಹಾಕಲು ಬಾಯಿ ಬಿಟ್ಟಿರಬೇಕು. ಅಳತೆ ಮಾಡಿದರೆ 5 ಓಮ್ ಒಳಗೆ ಬಂದರೆ ಸಮಾಧಾನ. ಚಾಮುಂಡಿ ಬೆಟ್ಟದ ತಪ್ಪಲಿನ ಕಲ್ಲು ನೆಲದಲ್ಲಿ ಅಷ್ಟು ತರುವುದು ಕಷ್ಟ, ಎರಡು ಗುಂಡಿ ಬೇಕಾಗಬಹುದು. ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಬೇಡಿ.

ಒಂದು ಕೆಟ್ಟ ಅಭ್ಯಾಸ ಇದೆ. ಅರ್ಥ್ ಸಿಗದ ಕಡೆ ಸಾಕೆಟ್ಟಿನ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರು ಕೊಟ್ಟುಬಿಡುತ್ತಾರೆ. ಮೀಟರ್ ಹಚ್ಚಿದರೆ 230 ತೋರಿಸುತ್ತದೆ, ನೀವೂ ಖುಷಿ, ಅವನೂ ಖುಷಿ. ಯಾವತ್ತೋ ಒಂದು ದಿನ ಹಿಂದೆ ನ್ಯೂಟ್ರಲ್ ಕಟ್ ಆದರೆ ಫ್ರಿಜ್ಜಿನ ಬಾಗಿಲಿಗೇ 230 ವೋಲ್ಟ್ ಬರುತ್ತದೆ. ಅದಕ್ಕೇ ಒಂದೆರಡು ಸಾಕೆಟ್ ಬಿಚ್ಚಿಸಿ ಕಣ್ಣಾರೆ ನೋಡಿ.

ಕೆಲವು ಲೈಟು ಇದ್ದಕ್ಕಿದ್ದಂತೆ ಜಾಸ್ತಿ ಉರಿಯುತ್ತೆ, ಕೆಲವು ಮಂಕಾಗುತ್ತೆ.

ಈಗಲೇ ಮೇನ್ ಆಫ್ ಮಾಡಿ. ಮೂರು ಫೇಸಿನ ಮನೆಯಲ್ಲಿ ನ್ಯೂಟ್ರಲ್ ಸಡಿಲವಾದರೆ ಹೀಗಾಗುತ್ತದೆ, 230 ಬರಬೇಕಾದ ಕಡೆ 400ರ ಹತ್ತಿರಕ್ಕೂ ಹೋಗಬಹುದು, ಟಿವಿ, ಫ್ರಿಜ್ ಎಲ್ಲ ಒಟ್ಟಿಗೆ ಹೋಗುತ್ತವೆ. ಪಕ್ಕದ ಮನೆಯಲ್ಲೂ ಹೀಗೇ ಇದೆಯಾ ಕೇಳಿ. ಇದ್ದರೆ 1912, ಇಲ್ಲದಿದ್ದರೆ ನಿಮ್ಮ ಎಲೆಕ್ಟ್ರಿಷಿಯನ್.

ಅಗ್ರಹಾರದಲ್ಲಿ ಅಜ್ಜನ ಕಾಲದ ಮನೆ. ಗೋಡೆ ಕೊರೆದು ಹೊಸ ವೈರಿಂಗ್ ಮಾಡಿಸಬಹುದಾ?

ವೈರಿಂಗ್ ಬದಲಾಯಿಸಲೇಬೇಕು, ಗೋಡೆ ಕೊರೆಯುವುದು ಬೇಡ. ಸುಣ್ಣದ ಗಾರೆ, ಮಣ್ಣಿನ ಗೋಡೆಗೆ ಕಟಿಂಗ್ ಮಿಷನ್ ಇಟ್ಟರೆ ಒಂದು ಗೆರೆ ಎಳೆಯಲು ಹೋಗಿ ಮಡಿಲ ತುಂಬ ಗಾರೆ ಉದುರುತ್ತದೆ. ಮೇಲೆಯೇ ಪಿವಿಸಿ ಪಟ್ಟಿಯಲ್ಲಿ ಓಡಿಸಿ. ಮರದ ಪಟ್ಟಿ ಮೇಲೆ ಕ್ಲಿಪ್ ಹೊಡೆದು ಎಳೆದ, ಬಟ್ಟೆ ಸುತ್ತಿದ ರಬ್ಬರ್ ವೈರು ಇನ್ನೂ ಇದ್ದರೆ ಅದನ್ನು ಬಗ್ಗಿಸಲೂ ಹೋಗಬೇಡಿ, ರಬ್ಬರು ಹಪ್ಪಳದಂತೆ ಪುಡಿಯಾಗುತ್ತದೆ. ಆ ಕಾಲದ ಎರಡು ಪಿನ್ನಿನ ಸಾಕೆಟ್ಟುಗಳಿಗೆ ಅರ್ಥೇ ಇರುವುದಿಲ್ಲ, ಅದಕ್ಕೆ ಮೂರು ಪಿನ್ನಿನ ಮುಖ ಕೂರಿಸಿ ಬಿಡುವವನನ್ನು ನಂಬಬೇಡಿ.

ಮಳವಳ್ಳಿ ಹತ್ತಿರ ಊರ ಮನೆ. ಪಂಪ್‌ಸೆಟ್ ಲೈನಿಂದ ಮನೆಗೂ ಒಂದು ವೈರ್ ಎಳೆದಿದ್ದಾರೆ.

ಶಿವನಸಮುದ್ರ ನಿಮ್ಮ ತಾಲ್ಲೂಕಿನದೇ, 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿತ್ತು. ಅಂಥ ಊರಿನವರು ಮೋಟರ್ ಲೈನ್ ಕದ್ದು ಬಲ್ಬ್ ಹತ್ತಿಸಬೇಕಾ ಅಂತ ನಮ್ಮ ಭಾವನನ್ನು ರೇಗಿಸುತ್ತಿರುತ್ತೇನೆ. ತಮಾಷೆ ಇರಲಿ, ಪಂಪ್‌ಸೆಟ್ಟಿಗೆ ಕೊಟ್ಟ ಕರೆಂಟನ್ನು ಮನೆಗೆ ಬಳಸುವುದು ತಪ್ಪು, ದಂಡ ಬೀಳುತ್ತದೆ. ಅದಕ್ಕಿಂತ, ಆ ವೈರಿಗೆ ಮನೆಯ ಆರ್‌ಸಿಸಿಬಿಯ ಕಾವಲು ಇರುವುದಿಲ್ಲ. ಬಚ್ಚಲಲ್ಲಿ ಬಕೆಟ್ಟಿಗೆ ರಾಡ್ ಹೀಟರ್ ಹಾಕುವ ಮನೆಯಲ್ಲಿ ಇದು ಆಟ ಅಲ್ಲ. ಮೊದಲು ಅದನ್ನು ಕಳಚಿಸಿ. ನಾಲೆ ಬಯಲಿನ ಮನೆಗಳಲ್ಲಿ ಗೋಡೆ ಬುಡ ತೇವ ಹಿಡಿಯುತ್ತದೆ, ಬೋರ್ಡುಗಳನ್ನು ಸೊಂಟದ ಮಟ್ಟಕ್ಕಿಂತ ಮೇಲಕ್ಕೆ ತೆಗೆದುಕೊಳ್ಳಿ.

ಬಿಲ್ ಜಾಸ್ತಿ ಬರುತ್ತಿದೆ. ವೈರಿಂಗ್ ಲೀಕ್ ಇರಬಹುದಾ?

ಇರಬಹುದು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ ಈಗ ಎಲ್ಲರಿಗೂ ಈ ಅನುಮಾನ. ಡಿಬಿಯಲ್ಲಿ ಮೇನ್ ಆಫ್ ಮಾಡಿ, ಹೋಗಿ ಮೀಟರ್ ನೋಡಿ. ಪುಟ್ಟ ಕೆಂಪು ದೀಪ ಇನ್ನೂ ಮಿಟುಕುತ್ತಿದ್ದರೆ ಮೀಟರಿಗೂ ಡಿಬಿಗೂ ನಡುವೆ ಏನೋ ಎಳೆಯುತ್ತಿದೆ, ಲೀಕೋ, ಯಾರಾದರೂ ಸಿಕ್ಕಿಸಿಕೊಂಡಿದ್ದಾರೋ. ಮಿಟುಕು ನಿಂತರೆ ಒಂದೊಂದೇ ಎಂಸಿಬಿ ಆನ್ ಮಾಡುತ್ತಾ ಬನ್ನಿ. ಸಾಮಾನ್ಯವಾಗಿ ಸಿಕ್ಕುವುದು ಲೀಕ್ ಅಲ್ಲ, ಆಫ್ ಮಾಡಲು ಮರೆತ ಗೀಸರ್.

ಮೊದಲಿನವನು ಈಗ ಬಂದು ಬಾಕಿ ದುಡ್ಡು ಕೇಳುತ್ತಿದ್ದಾನೆ. ಕೊಡಬೇಕಾ?

ಚೆಕ್ಕಿಂಗ್ ದಿನದ ಫೋಟೊಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಎಷ್ಟು ಪಾಯಿಂಟ್ ಸರಿಯಾಗಿತ್ತು, ಎಷ್ಟನ್ನು ಕಿತ್ತು ಮಾಡಿಸಬೇಕಾಯಿತು ಅಂತ ಕೂರಿಸಿ ಎಣಿಸಿ. ಸರಿಯಾದದ್ದಕ್ಕೆ ಕೊಡಿ, ಕೂಗಾಡಬೇಡಿ. ನಮ್ಮವನು ಗೃಹಪ್ರವೇಶ ಆಗಿ ಮೂರು ತಿಂಗಳಿಗೆ ಬಂದ. ಪಡಸಾಲೆಯಲ್ಲಿ ಕೂರಿಸಿ ಆ ಟೇಪ್ ಸುತ್ತಿದ ಗಂಟನ್ನು ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತು ನೋಡಿದ, "ಅದು ನಮ್ಮ ಹೆಲ್ಪರ್ ಹುಡುಗ ಮಾಡಿದ್ದು ಸಾರ್" ಅಂದ. ಬಾಕಿ ಮಾತು ಎತ್ತಲಿಲ್ಲ. ಮೇಲೆ ಬಿಟ್ಟುಹೋಗಿದ್ದ ಅವನ ಡ್ರಿಲ್ ಬಿಟ್ ಕೇಳಿದ, ತಂದುಕೊಟ್ಟೆ.